ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ಪ್ರೊಸೆಸರ್ ಉಷ್ಣಾಂಶದ ಮೇಲ್ವಿಚಾರಣೆ

ಪ್ರೊಸೆಸರ್ ಉಷ್ಣಾಂಶದ ಮೇಲ್ವಿಚಾರಣೆ ಎಂದರೆ ಗಣಕಯಂತ್ರದ ಕೇಂದ್ರ ಸಂಸ್ಕರಣ ಘಟಕವು ಎಷ್ಟು ಬಿಸಿಯಾಗಿದೆ ಎಂಬುದನ್ನು ಅದರೊಳಗಿನ ಮತ್ತು ಮದರ್‌ಬೋರ್ಡಿನ ಮೇಲಿನ ಸಂವೇದಕಗಳಿಂದ ಓದಿ ಬಳಕೆದಾರರಿಗೆ ತಿಳಿಸುವ ವ್ಯವಸ್ಥೆ. ಲಿನಕ್ಸ್, ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ ಮುಂತಾದ ಯುನಿಕ್ಸ್ ಮಾದರಿಯ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಸಂವೇದಕವನ್ನು ಓದುವ ಕೆಲಸ ಕರ್ನಲ್‌ನ ಡ್ರೈವರ್‌ಗಳದು. ಅವು ಒದಗಿಸಿದ ಅಂಕಿಗಳನ್ನು ತೆರೆಯ ಮೇಲೆ ತೋರಿಸುವುದು ಇತರ ತಂತ್ರಾಂಶಗಳ ಕೆಲಸ. ತೆರೆಯ ಮೇಲೆ ಕಾಣುವ ಅಂಕಿ ಉಷ್ಣಮಾಪಕದ ನೇರ ಓದಿಕೆಯಲ್ಲ. ಬಹುತೇಕ ಪ್ರೊಸೆಸರ್‌ಗಳಲ್ಲಿ ಅದು ತಯಾರಕರು ಗೊತ್ತುಪಡಿಸಿದ ಒಂದು ಗರಿಷ್ಠ ಮಿತಿಗೆ ಹೋಲಿಸಿ ಲೆಕ್ಕ ಹಾಕಿದ ಬೆಲೆ. ಈ ವ್ಯತ್ಯಾಸ ತಿಳಿಯದಿದ್ದರೆ ಸುಸ್ಥಿತಿಯಲ್ಲಿರುವ ಯಂತ್ರವು ಕೆಟ್ಟಿದೆಯೆಂದೂ ಕೆಟ್ಟ ಯಂತ್ರವು ಸರಿಯಾಗಿದೆಯೆಂದೂ ತಪ್ಪು ತೀರ್ಮಾನಕ್ಕೆ ಬರುವ ಸಾಧ್ಯತೆಯಿದೆ.

ಈ ಲೇಖನದಲ್ಲಿ ಆದೇಶಗಳ ಮತ್ತು ಕಡತಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಟರ್ಮಿನಲ್‌ನಲ್ಲಿ ಅವುಗಳನ್ನು ರೋಮನ್ ಲಿಪಿಯ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕಾಗುತ್ತದೆ.

ಶಾಖ ಮತ್ತು ರಕ್ಷಣೆ

ಪ್ರೊಸೆಸರ್ ಬಳಸುವ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗಿ ಹೊರಬೀಳುತ್ತದೆ. ಟ್ರಾನ್ಸಿಸ್ಟರ್‌ಗಳು ಸ್ಥಿತಿ ಬದಲಿಸುವಾಗ ವ್ಯಯವಾಗುವ ಶಕ್ತಿಯು ಆವರ್ತನಕ್ಕೆ ಅನುಪಾತದಲ್ಲಿಯೂ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿಯೂ ಏರುತ್ತದೆ. ಇದರ ಜೊತೆಗೆ ಟ್ರಾನ್ಸಿಸ್ಟರ್ ಸುಮ್ಮನಿದ್ದಾಗಲೂ ಸೋರಿಹೋಗುವ ಅಲ್ಪ ವಿದ್ಯುತ್ ಪ್ರವಾಹವಿದೆ. ಉಷ್ಣಾಂಶ ಏರಿದಂತೆ ಈ ಸೋರಿಕೆಯೂ ಏರುತ್ತದೆ. ಆದುದರಿಂದ ಬಿಸಿಯಾದ ಪ್ರೊಸೆಸರ್ ಅದೇ ಕೆಲಸಕ್ಕೆ ತಂಪಾದ ಪ್ರೊಸೆಸರ್‌ಗಿಂತ ತುಸು ಹೆಚ್ಚು ವಿದ್ಯುತ್ತನ್ನು ಬಳಸುತ್ತದೆ.

ಉಷ್ಣಾಂಶ ಮಿತಿಮೀರಿದಾಗ ಪ್ರೊಸೆಸರ್ ತನ್ನನ್ನು ತಾನೇ ಕಾಪಾಡಿಕೊಳ್ಳುವ ವ್ಯವಸ್ಥೆ ಮೊದಲಿನಿಂದಲೂ ಇದ್ದುದಲ್ಲ. 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಎಂಬ ಜಾಲತಾಣವು ಚಾಲನೆಯಲ್ಲಿರುವ ಪ್ರೊಸೆಸರ್‌ಗಳ ಮೇಲಿನ ಹೀಟ್ ಸಿಂಕನ್ನು ತೆಗೆದು ಪರೀಕ್ಷಿಸಿದ ದೃಶ್ಯಗಳನ್ನು ಪ್ರಕಟಿಸಿತು. ಎಎಂಡಿ ಕಂಪನಿಯ ಅಥ್ಲಾನ್ ಕೆಲವೇ ಕ್ಷಣಗಳಲ್ಲಿ ಸುಟ್ಟುಹೋಯಿತು. ಇಂಟೆಲ್‌ನ ಪೆಂಟಿಯಂ 4 ವೇಗವನ್ನು ತಗ್ಗಿಸಿಕೊಂಡು ಕೆಲಸ ಮುಂದುವರಿಸಿತು. ಇಂದು ಡೆಸ್ಕ್‌ಟಾಪ್‌ಗಳಲ್ಲಿರುವ ಪ್ರೊಸೆಸರ್‌ಗಳಲ್ಲಿ ಇಂತಹ ರಕ್ಷಣೆ ಎರಡು ಹಂತಗಳಲ್ಲಿ ಇರುತ್ತದೆ. ಮಿತಿಯನ್ನು ಮುಟ್ಟಿದೊಡನೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ಕಡಿಮೆ ಮಾಡುತ್ತದೆ. ಇದನ್ನು ಥ್ರಾಟ್ಲಿಂಗ್ ಎನ್ನುತ್ತಾರೆ. ಅದೂ ಸಾಲದೆ ಬಿಸಿ ಏರುತ್ತಲೇ ಹೋದರೆ ಯಂತ್ರಾಂಶವೇ ವಿದ್ಯುತ್ ಪೂರೈಕೆಯನ್ನು ಕಡಿದುಹಾಕುತ್ತದೆ. ಈ ಎರಡೂ ಕ್ರಿಯೆಗಳಿಗೆ ಕಾರ್ಯಾಚರಣ ವ್ಯವಸ್ಥೆಯ ನೆರವು ಬೇಕಿಲ್ಲ.

ಹೀಗಾಗಿ ಇಂದು ಮೇಲ್ವಿಚಾರಣೆಯ ಉದ್ದೇಶ ಪ್ರೊಸೆಸರ್ ಸುಡದಂತೆ ತಡೆಯುವುದು ಎನ್ನುವುದಕ್ಕಿಂತ, ಕೊಂಡ ವೇಗ ಪೂರ್ತಿ ಸಿಗುತ್ತಿದೆಯೇ, ಯಂತ್ರ ಇದ್ದಕ್ಕಿದ್ದಂತೆ ನಿಲ್ಲಲು ಕಾರಣವೇನು, ಫ್ಯಾನ್ ಏಕೆ ಸದಾ ಅಬ್ಬರಿಸುತ್ತಿದೆ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವುದು ಎನ್ನಬೇಕು.

ಸಂವೇದಕಗಳು

ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಪ್ರೊಸೆಸರ್ ಕೂರುವ ಸಾಕೆಟ್ಟಿನ ನಡುವೆ ಒಂದು ಪುಟ್ಟ ಥರ್ಮಿಸ್ಟರ್ ಇರುತ್ತಿತ್ತು. ಅದು ಅಳೆಯುತ್ತಿದ್ದುದು ಪ್ರೊಸೆಸರ್‌ನ ಅಡಿಭಾಗದ ಬಿಸಿಯನ್ನು. ಒಳಗಿನ ಸಿಲಿಕಾನ್ ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿಯಾಗಿರಬಹುದಿತ್ತು. 1990ರ ದಶಕದ ಕೊನೆಯ ಹೊತ್ತಿಗೆ ಪೆಂಟಿಯಂ 3ರಂತಹ ಪ್ರೊಸೆಸರ್‌ಗಳ ಸಿಲಿಕಾನ್‌ನೊಳಗೇ ಒಂದು ಡಯೋಡ್ ಸೇರಿತು. ಸ್ಥಿರವಾದ ಪ್ರವಾಹ ಹರಿಯುತ್ತಿರುವಾಗ ಸಿಲಿಕಾನ್ ಡಯೋಡಿನ ವೋಲ್ಟೇಜ್ ಪ್ರತಿ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್‌ನಷ್ಟು ಇಳಿಯುತ್ತದೆ. ಮದರ್‌ಬೋರ್ಡಿನ ಮೇಲಿನ ಪ್ರತ್ಯೇಕ ಚಿಪ್ ಒಂದು ಈ ಗುಣವನ್ನು ಬಳಸಿ ಉಷ್ಣಾಂಶವನ್ನು ಲೆಕ್ಕ ಹಾಕುತ್ತಿತ್ತು.

2006ರಲ್ಲಿ ಬಂದ ಇಂಟೆಲ್ ಕೋರ್ ಡ್ಯುಯೋ ಪ್ರೊಸೆಸರ್‌ನಿಂದ ಡಿಜಿಟಲ್ ಸಂವೇದಕಗಳ ಕಾಲ ಆರಂಭವಾಯಿತು. ಇಲ್ಲಿ ಪ್ರತಿ ಕೋರ್‌ಗೂ ಅದರದೇ ಸಂವೇದಕವಿದ್ದು, ಅದರ ಬೆಲೆಯನ್ನು ಪ್ರೊಸೆಸರ್‌ನ ಒಂದು ವಿಶೇಷ ರಿಜಿಸ್ಟರ್‌ನಿಂದ ಓದಬಹುದು. ಆದರೆ ಆ ರಿಜಿಸ್ಟರ್ ತಿಳಿಸುವುದು ಉಷ್ಣಾಂಶವನ್ನಲ್ಲ, ಗರಿಷ್ಠ ಮಿತಿಗೆ ಇನ್ನೆಷ್ಟು ಡಿಗ್ರಿ ಬಾಕಿಯಿದೆ ಎಂಬುದನ್ನು. ಈ ಮಿತಿಗೆ ಟಿಜೆ ಮ್ಯಾಕ್ಸ್ ಎಂದು ಹೆಸರು. ಟಿಜೆ ಮ್ಯಾಕ್ಸ್ 100 ಡಿಗ್ರಿ ಸೆಲ್ಸಿಯಸ್ ಇದ್ದು ರಿಜಿಸ್ಟರ್ 38 ಎಂದು ತೋರಿಸಿದರೆ, ಲಿನಕ್ಸ್‌ನ ‘ಕೋರ್‌ಟೆಂಪ್’ ಡ್ರೈವರ್ 100ರಿಂದ 38ನ್ನು ಕಳೆದು 62 ಡಿಗ್ರಿ ಎಂದು ವರದಿ ಮಾಡುತ್ತದೆ.

ಟಿಜೆ ಮ್ಯಾಕ್ಸ್ ಎಷ್ಟೆಂದು ತಿಳಿಯದೆ ಈ ಲೆಕ್ಕ ಸಾಗದು. ನೆಹಲೆಮ್ ಪೀಳಿಗೆಯಿಂದ ಮುಂದೆ ಅದನ್ನೂ ಪ್ರೊಸೆಸರ್‌ನಿಂದಲೇ ಓದುವ ಅನುಕೂಲ ಬಂತು. ಅದಕ್ಕಿಂತ ಹಿಂದಿನ ಕೋರ್ 2 ಪ್ರೊಸೆಸರ್‌ಗಳಲ್ಲಿ ತಂತ್ರಾಂಶಗಳು ಮಾದರಿಯನ್ನು ನೋಡಿ 85 ಅಥವಾ 100 ಎಂದು ಊಹಿಸಬೇಕಾಗಿತ್ತು. ಊಹೆ ತಪ್ಪಿದರೆ ತೋರುವ ಉಷ್ಣಾಂಶದಲ್ಲಿ 15 ಡಿಗ್ರಿಗಳ ವ್ಯತ್ಯಾಸ ಬರುತ್ತಿತ್ತು. ಒಂದೇ ಯಂತ್ರದಲ್ಲಿ ಎರಡು ತಂತ್ರಾಂಶಗಳು ಎರಡು ಬೇರೆ ಉಷ್ಣಾಂಶಗಳನ್ನು ತೋರಿಸುತ್ತಿದ್ದುದಕ್ಕೆ ಇದೂ ಒಂದು ಕಾರಣ. ಇದಲ್ಲದೆ, ಈ ಸಂವೇದಕಗಳನ್ನು ರೂಪಿಸಿರುವುದೇ ಮಿತಿಯ ಆಸುಪಾಸಿನಲ್ಲಿ ನಿಖರವಾಗಿರಲೆಂದು. ಪ್ರೊಸೆಸರ್ ಬಿಡುವಾಗಿರುವಾಗ ತೋರುವ 30 ಅಥವಾ 35 ಡಿಗ್ರಿಯನ್ನು ಅಂದಾಜೆಂದು ಭಾವಿಸುವುದೇ ಸರಿ.

ಎಎಂಡಿ ಪ್ರೊಸೆಸರ್‌ಗಳಲ್ಲಿ ಈ ಕೆಲಸ ‘ಕೆ10ಟೆಂಪ್’ ಡ್ರೈವರ್‌ನದು. ಅದು ತೋರುವ ಮುಖ್ಯ ಬೆಲೆಗೆ ಟಿಸಿಟಿಎಲ್ ಎಂದು ಹೆಸರು. ಫ್ಯಾನಿನ ವೇಗವನ್ನು ನಿಯಂತ್ರಿಸಲೆಂದೇ ಇರುವ ಈ ಬೆಲೆ ಭೌತಿಕ ಉಷ್ಣಾಂಶವೇ ಆಗಿರಬೇಕೆಂದಿಲ್ಲ ಎಂದು ಡ್ರೈವರ್‌ನ ದಾಖಲೆಯಲ್ಲಿಯೇ ಹೇಳಿದೆ. 2017ರಲ್ಲಿ ಬಂದ ರೈಜೆನ್ 7 1700ಎಕ್ಸ್ ಮತ್ತು 1800ಎಕ್ಸ್ ಮಾದರಿಗಳು ನಿಜವಾದ ಉಷ್ಣಾಂಶಕ್ಕೆ 20 ಡಿಗ್ರಿ ಸೇರಿಸಿ ವರದಿ ಮಾಡುತ್ತಿದ್ದವು. ಮುಂದಿನ ವರ್ಷದ 2700ಎಕ್ಸ್ ಮಾದರಿಯಲ್ಲಿ ಈ ಹೆಚ್ಚಳ 10 ಡಿಗ್ರಿ. ಹೊಸ ಗಣಕಯಂತ್ರ ಬಿಡುವಿನಲ್ಲಿಯೂ 58 ಡಿಗ್ರಿ ತೋರಿಸಿದುದನ್ನು ಕಂಡು ಹೀಟ್ ಸಿಂಕನ್ನು ಬಿಚ್ಚಿ ಮತ್ತೆ ಜೋಡಿಸಿದವನ ಶ್ರಮ ವ್ಯರ್ಥ. ಸಿಲಿಕಾನ್ ಇದ್ದುದು 38 ಡಿಗ್ರಿಯಲ್ಲಿ. ನಂತರದ ಕರ್ನಲ್‌ಗಳು ಇಂತಹ ಮಾದರಿಗಳನ್ನು ಗುರುತಿಸಿ, ಹೆಚ್ಚಳವನ್ನು ಕಳೆದ ಬೆಲೆಯನ್ನು ಟಿಡೈ ಎಂಬ ಪ್ರತ್ಯೇಕ ಸಾಲಿನಲ್ಲಿ ತೋರಿಸುತ್ತವೆ.

ಮದರ್‌ಬೋರ್ಡಿನ ಮೇಲೆ ಫ್ಯಾನ್‌ಗಳನ್ನೂ ವೋಲ್ಟೇಜ್‌ಗಳನ್ನೂ ಗಮನಿಸುವ ಬೇರೊಂದು ಚಿಪ್ ಇರುತ್ತದೆ. ನುವೊಟಾನ್ ಮತ್ತು ಐಟಿಇ ಕಂಪನಿಗಳ ಚಿಪ್‌ಗಳು ಇಂದು ಸಾಮಾನ್ಯ. ಇವುಗಳಲ್ಲಿ ಹಲವು ಉಷ್ಣಾಂಶ ಪ್ರವೇಶಗಳಿದ್ದು, ಮದರ್‌ಬೋರ್ಡ್ ತಯಾರಕರು ಅವೆಲ್ಲಕ್ಕೂ ಸಂವೇದಕವನ್ನು ಜೋಡಿಸಿರುವುದಿಲ್ಲ. ಜೋಡಿಸದೆ ಬಿಟ್ಟ ಪ್ರವೇಶವೂ ಒಂದು ಅಂಕಿಯನ್ನು ತೋರಿಸುತ್ತದೆ: ಮೈನಸ್ 128, 127 ಅಥವಾ ಬಾಯಿಗೆ ಬಂದಂತೆ ಮತ್ತಾವುದೋ ಒಂದು. ‘ಆಕ್ಸ್‌ಟಿನ್’ ಎಂಬ ಹಣೆಪಟ್ಟಿಯ ಎದುರು 110 ಡಿಗ್ರಿ ಕಂಡು, ಇತರ ಸಾಲುಗಳೆಲ್ಲ ಸಾಮಾನ್ಯವಾಗಿದ್ದರೆ ಬಹುಮಟ್ಟಿಗೆ ಕಾರಣ ಇದೇ.

ಲಿನಕ್ಸ್‌ನಲ್ಲಿ ಬೆಳವಣಿಗೆ

ಲಿನಕ್ಸ್‌ನಲ್ಲಿ ಈ ಕ್ಷೇತ್ರದ ಮುಖ್ಯ ಯೋಜನೆ ಎಲ್‌ಎಂ-ಸೆನ್ಸರ್ಸ್. 1998ರಲ್ಲಿ ಫ್ರೋಡೊ ಲೂಯಾರ್ಡ್ ಮತ್ತು ಫಿಲಿಪ್ ಎಡೆಲ್‌ಬ್ರಾಕ್ ಇದನ್ನು ಆರಂಭಿಸಿದರು. ಹೆಸರಿನಲ್ಲಿರುವ ‘ಎಲ್‌ಎಂ’ ಅಕ್ಷರಗಳು ಅಂದು ಮದರ್‌ಬೋರ್ಡ್‌ಗಳಲ್ಲಿ ಬಳಕೆಯಲ್ಲಿದ್ದ ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯ ಎಲ್‌ಎಂ78, ಎಲ್‌ಎಂ75 ಮುಂತಾದ ಚಿಪ್‌ಗಳಿಂದ ಬಂದವು. ಮೊದಲಿಗೆ ಡ್ರೈವರ್‌ಗಳು ಕರ್ನಲ್‌ನ ಹೊರಗಿದ್ದವು, 2.6 ಸರಣಿಯ ಹೊತ್ತಿಗೆ ಅವು ಕರ್ನಲ್‌ನೊಳಗೆ ಸೇರಿದವು. ಇಂದು ಎಲ್‌ಎಂ-ಸೆನ್ಸರ್ಸ್ ಹೆಸರಿನಲ್ಲಿ ದೊರೆಯುವುದು ಬಳಕೆದಾರರ ಆದೇಶಗಳು ಮತ್ತು ಗ್ರಂಥಾಲಯ ಮಾತ್ರ.

ಸಂವೇದಕವನ್ನು ಓದುವುದು ನಿರಪಾಯಕರ ಕೆಲಸವೆಂದು ತೋರಿದರೂ ಯಾವ ಚಿಪ್ ಎಲ್ಲಿದೆ ಎಂದು ಹುಡುಕುವುದು ಹಾಗಲ್ಲ. ಇಂತಹ ಚಿಪ್‌ಗಳು ಕೂತಿರುವ ಎಸ್‌ಎಂಬಸ್ ಎಂಬ ತಂತಿಜಾಲದಲ್ಲಿ ಒಂದೊಂದು ವಿಳಾಸಕ್ಕೂ ಸಂಕೇತ ಕಳುಹಿಸಿ ಯಾರು ಓಗೊಡುತ್ತಾರೆಂದು ನೋಡಬೇಕು. ಐಬಿಎಂ ಥಿಂಕ್‌ಪ್ಯಾಡ್‌ನ ಕೆಲವು ಹಳೆಯ ಮಾದರಿಗಳಲ್ಲಿ ಅದೇ ಜಾಲದ ಮೇಲೆ ಅಟ್ಮೆಲ್ 24ಆರ್‌ಎಫ್08 ಎಂಬ ಸ್ಮೃತಿ ಚಿಪ್ ಇತ್ತು. ಹುಡುಕಾಟದ ಸಂಕೇತವನ್ನು ಅದು ಬರೆಯುವ ಆಜ್ಞೆಯೆಂದು ತಪ್ಪಾಗಿ ತಿಳಿದು ತನ್ನಲ್ಲಿದ್ದ ಮಾಹಿತಿಯನ್ನು ಕೆಡಿಸಿಕೊಳ್ಳುತ್ತಿತ್ತು. ಪರಿಣಾಮವಾಗಿ ಹಲವು ಲ್ಯಾಪ್‌ಟಾಪ್‌ಗಳು ಮತ್ತೆ ಬೂಟ್ ಆಗದೆ ಹೋದವು. ಅನಂತರ ಯೋಜನೆಯ ತಂಡವು ಹುಡುಕುವ ಕ್ರಮವನ್ನು ಬದಲಿಸಿದ್ದಲ್ಲದೆ, ಇಂತಹ ಯಂತ್ರವೆಂದು ಗುರುತಿಸಿದೊಡನೆ ಡ್ರೈವರ್ ಹಿಂದೆ ಸರಿಯುವಂತೆ ಮಾಡಿತು. ‘ಸೆನ್ಸರ್ಸ್-ಡಿಟೆಕ್ಟ್’ ಆದೇಶ ಇಂದಿಗೂ ಪ್ರತಿ ಹೆಜ್ಜೆಯಲ್ಲಿ ಒಪ್ಪಿಗೆ ಕೇಳುವುದರ ಹಿಂದೆ ಇಂತಹ ಎಚ್ಚರವಿದೆ. ಅದು ತಾನಾಗಿ ಸೂಚಿಸುವ ಉತ್ತರವನ್ನೇ ಒಪ್ಪಿಕೊಳ್ಳುವುದು ಕ್ಷೇಮ.

ಪ್ರೊಸೆಸರ್‌ನ ಉಷ್ಣಾಂಶವೊಂದೇ ಸಾಕೆನ್ನುವವರಿಗೆ ಈ ಹುಡುಕಾಟದ ಅಗತ್ಯವೇ ಇಲ್ಲ. ಇಂದಿನ ವಿತರಣೆಗಳಲ್ಲಿ ಕೋರ್‌ಟೆಂಪ್ ಮತ್ತು ಕೆ10ಟೆಂಪ್ ಡ್ರೈವರ್‌ಗಳು ಯಂತ್ರಾಂಶವನ್ನು ಗುರುತಿಸಿ ತಾವಾಗಿಯೇ ಸೇರಿಕೊಳ್ಳುತ್ತವೆ. ಸೆನ್ಸರ್ಸ್-ಡಿಟೆಕ್ಟ್ ಬೇಕಾಗುವುದು ಮದರ್‌ಬೋರ್ಡಿನ ಚಿಪ್ಪಿನಿಂದ ಫ್ಯಾನಿನ ವೇಗವನ್ನೂ ವೋಲ್ಟೇಜನ್ನೂ ಓದಬೇಕಾದಾಗ.

ಕಡತಗಳ ಮೂಲಕ ಓದುವಿಕೆ

ಯುನಿಕ್ಸ್ ಸಂಪ್ರದಾಯಕ್ಕೆ ಅನುಗುಣವಾಗಿ ಲಿನಕ್ಸ್ ಕರ್ನಲ್ ಉಷ್ಣಾಂಶವನ್ನೂ ಕಡತದ ರೂಪದಲ್ಲಿ ಒದಗಿಸುತ್ತದೆ. ‘/ಸಿಸ್/ಕ್ಲಾಸ್/ಎಚ್‌ಡಬ್ಲ್ಯುಮಾನ್’ ಎಂಬ ಕಡತಕೋಶದಲ್ಲಿ ಪ್ರತಿ ಸಂವೇದಕ ಚಿಪ್‌ಗೂ ‘ಎಚ್‌ಡಬ್ಲ್ಯುಮಾನ್0’, ‘ಎಚ್‌ಡಬ್ಲ್ಯುಮಾನ್1’ ಎಂಬಂತೆ ಒಂದೊಂದು ಉಪಕೋಶವಿರುತ್ತದೆ. ಅದರೊಳಗಿನ ‘ಟೆಂಪ್1_ಇನ್‌ಪುಟ್’ ಕಡತವನ್ನು ‘ಕ್ಯಾಟ್’ ಆದೇಶದಿಂದ ತೆರೆದರೆ 47000 ಎಂಬಂತಹ ಸಂಖ್ಯೆ ಕಾಣುತ್ತದೆ. ಇದು ಡಿಗ್ರಿ ಸೆಲ್ಸಿಯಸ್‌ನ ಸಾವಿರದ ಒಂದು ಭಾಗಗಳಲ್ಲಿದೆ. ಅಂದರೆ 47 ಡಿಗ್ರಿ. ಕೊನೆಯ ಮೂರು ಸೊನ್ನೆಗಳನ್ನು ಕಂಡು ಅಷ್ಟು ನಿಖರತೆಯಿದೆಯೆಂದು ಭಾವಿಸಬಾರದು. ಇಂಟೆಲ್ ಸಂವೇದಕ ಒಂದು ಡಿಗ್ರಿಗಿಂತ ಸೂಕ್ಷ್ಮವಾದ ವ್ಯತ್ಯಾಸವನ್ನು ತಿಳಿಸುವುದಿಲ್ಲ. ಅಳತೆ ಯಾವ ಭಾಗದ್ದು ಎಂಬುದು ‘ಟೆಂಪ್1_ಲೇಬಲ್’ ಕಡತದಲ್ಲಿಯೂ, ಅಪಾಯದ ಮಿತಿ ‘ಟೆಂಪ್1_ಕ್ರಿಟ್’ ಕಡತದಲ್ಲಿಯೂ ಇರುತ್ತದೆ.

ಉಪಕೋಶಗಳ ಕ್ರಮಸಂಖ್ಯೆ ಶಾಶ್ವತವಲ್ಲ. ಡ್ರೈವರ್‌ಗಳು ಸೇರುವ ಕ್ರಮ ಬದಲಾದರೆ ಇಂದು 2 ಆಗಿದ್ದುದು ನಾಳೆ 3 ಆಗಬಹುದು. ಸಂಖ್ಯೆಯನ್ನೇ ನಂಬಿ ಬರೆದ ಸ್ಕ್ರಿಪ್ಟ್ ಯಂತ್ರವನ್ನು ಮತ್ತೆ ಆರಂಭಿಸಿದ ಮೇಲೆ ಪ್ರೊಸೆಸರ್ ಬದಲು ಎಸ್‌ಎಸ್‌ಡಿಯ ಉಷ್ಣಾಂಶವನ್ನು ಓದುತ್ತಾ ಕೂತಿರಬಹುದು, ಮತ್ತು ಯಾವ ದೋಷ ಸಂದೇಶವೂ ಬರುವುದಿಲ್ಲ. ಪ್ರತಿ ಉಪಕೋಶದಲ್ಲಿರುವ ‘ನೇಮ್’ ಕಡತವನ್ನು ಓದಿ, ಕೋರ್‌ಟೆಂಪ್ ಅಥವಾ ಕೆ10ಟೆಂಪ್ ಎಂಬ ಹೆಸರಿರುವುದನ್ನು ಹುಡುಕುವುದು ಸರಿಯಾದ ಕ್ರಮ.

ಇದಕ್ಕೆ ಸಮಾಂತರವಾಗಿ ‘/ಸಿಸ್/ಕ್ಲಾಸ್/ಥರ್ಮಲ್’ ಎಂಬ ಮತ್ತೊಂದು ಕಡತಕೋಶವಿದೆ. ರಾಸ್ಪ್‌ಬೆರಿ ಪೈ ಮುಂತಾದ ಆರ್ಮ್ ಗಣಕಗಳಲ್ಲಿ ಪ್ರೊಸೆಸರ್‌ನ ಉಷ್ಣಾಂಶವನ್ನು ಇಲ್ಲಿನ ‘ಥರ್ಮಲ್_ಜೋನ್0’ ಉಪಕೋಶದಿಂದ ಓದುವುದು ವಾಡಿಕೆ. ಸಾಮಾನ್ಯ ಡೆಸ್ಕ್‌ಟಾಪ್‌ನಲ್ಲಾದರೋ ಅದೇ ಹೆಸರಿನ ಉಪಕೋಶ ‘ಎಸಿಪಿಐಟಿಜೆಡ್’ ಆಗಿರುವ ಸಂಭವವೇ ಹೆಚ್ಚು. ಇದು ಮದರ್‌ಬೋರ್ಡಿನ ಫರ್ಮ್‌ವೇರ್ ಕೊಡುವ ಬೆಲೆ. ಕೆಲವು ಬೋರ್ಡ್‌ಗಳಲ್ಲಿ ಇದು ಹಗಲುರಾತ್ರಿ, ಕೆಲಸವಿರಲಿ ಬಿಡಲಿ, 27.8 ಡಿಗ್ರಿಯಲ್ಲಿಯೇ ನಿಂತಿರುತ್ತದೆ. ಅದರ ಹಿಂದೆ ಸಂವೇದಕವೇ ಇಲ್ಲ. ಫರ್ಮ್‌ವೇರ್ ಬರೆದವರು ಒಂದು ಸ್ಥಿರಾಂಕವನ್ನು ಇಟ್ಟು ಕೈತೊಳೆದುಕೊಂಡಿದ್ದಾರೆ.

ಬಳಕೆಯ ತಂತ್ರಾಂಶಗಳು

ಟರ್ಮಿನಲ್‌ನಲ್ಲಿ ‘ಸೆನ್ಸರ್ಸ್’ ಎಂಬ ಒಂದೇ ಪದದ ಆದೇಶ ಎಲ್ಲ ಚಿಪ್‌ಗಳ ಓದಿಕೆಗಳನ್ನೂ ಪಟ್ಟಿಮಾಡುತ್ತದೆ. ‘ವಾಚ್ ಸೆನ್ಸರ್ಸ್’ ಎಂದರೆ ಪಟ್ಟಿ ಎರಡು ಸೆಕೆಂಡಿಗೊಮ್ಮೆ ನವೀಕರಣಗೊಳ್ಳುತ್ತದೆ. ಇಂಟೆಲ್ ಯಂತ್ರಗಳಲ್ಲಿ ‘ಪ್ಯಾಕೇಜ್ ಐಡಿ 0’ ಎಂಬ ಸಾಲು ಇಡೀ ಪ್ರೊಸೆಸರ್‌ನದು. ಅದರ ಕೆಳಗೆ ಒಂದೊಂದು ಕೋರ್‌ನ ಸಾಲುಗಳಿರುತ್ತವೆ. ಆವರಣದೊಳಗಿನ ‘ಹೈ’ ಎಂಬ ಬೆಲೆಯನ್ನು ಅಪಾಯದ ಗೆರೆಯೆಂದು ತಿಳಿಯುವವರು ಬಹಳ. ಅದು ಫ್ಯಾನ್ ಮುಂತಾದ ತಂಪುಗೊಳಿಸುವ ಸಾಧನಗಳೆಲ್ಲ ಪೂರ್ಣ ಕೆಲಸ ಮಾಡುತ್ತಿರಬೇಕಾದ ಮಟ್ಟವಷ್ಟೆ. ವೇಗ ಇಳಿಯುವ ಮಿತಿ ‘ಕ್ರಿಟ್’ ಎಂಬುದರ ಎದುರಿನದು.

ಎಚ್‌ಟಾಪ್‌ನ 3ನೇ ಆವೃತ್ತಿಯಿಂದ ಪ್ರತಿ ಕೋರ್‌ನ ಬಳಕೆಯ ಪಕ್ಕದಲ್ಲಿಯೇ ಉಷ್ಣಾಂಶವನ್ನೂ ಕಾಣಬಹುದು. ಬಿಟಾಪ್, ಗ್ಲಾನ್ಸಸ್, ಎಸ್-ಟುಯಿ ಮುಂತಾದವು ಇದೇ ವರ್ಗದವು. ಚಿತ್ರಾತ್ಮಕ ಪರಿಸರದಲ್ಲಿ ಪಿಸೆನ್ಸರ್, ಕಾಂಕಿ, ಕೆಡಿಇಯ ಸಿಸ್ಟಮ್ ಮಾನಿಟರ್ ಮತ್ತು ನೋಮ್‌ನ ವೈಟಲ್ಸ್ ವಿಸ್ತರಣೆ ಬಳಕೆಯಲ್ಲಿವೆ. ಇವೆಲ್ಲವೂ ಕೊನೆಗೆ ಓದುವುದು ಮೇಲೆ ಹೇಳಿದ ಕಡತಗಳನ್ನೇ. ಮೂಲದ ಅಂಕಿ ತಪ್ಪಾಗಿದ್ದರೆ ತಂತ್ರಾಂಶವನ್ನು ಬದಲಿಸಿದ ಮಾತ್ರಕ್ಕೆ ಅದು ಸರಿಯಾಗುವುದಿಲ್ಲ.

ಫ್ಯಾನಿನ ವೇಗವನ್ನು ಉಷ್ಣಾಂಶಕ್ಕೆ ಹೊಂದಿಸಲು ‘ಪಿಡಬ್ಲ್ಯುಎಂಕಾನ್ಫಿಗ್’ ಮತ್ತು ‘ಫ್ಯಾನ್‌ಕಂಟ್ರೋಲ್’ ಎಂಬ ಜೋಡಿ ಆದೇಶಗಳಿವೆ. ಮೊದಲನೆಯದು ಯಾವ ನಿಯಂತ್ರಣ ಯಾವ ಫ್ಯಾನಿನದೆಂದು ತಿಳಿಯಲು ಒಂದೊಂದೇ ಫ್ಯಾನನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತದೆ. ಆದುದರಿಂದ ಯಂತ್ರದ ಮೇಲೆ ಭಾರೀ ಕೆಲಸವಿರುವಾಗ ಅದನ್ನು ನಡೆಸಬಾರದು. ಇಂದಿನ ಡೆಸ್ಕ್‌ಟಾಪ್‌ಗಳಲ್ಲಿ ಫರ್ಮ್‌ವೇರ್‌ನೊಳಗಿನ ಫ್ಯಾನ್ ನಿಯಂತ್ರಣವೇ ಬಹುತೇಕ ಬಳಕೆದಾರರಿಗೆ ಸಾಕಾಗುತ್ತದೆ.

ಅಂಕಿಗಳನ್ನು ಅರ್ಥೈಸುವುದು

ಎಷ್ಟು ಡಿಗ್ರಿ ಹೆಚ್ಚು ಎಂಬ ಪ್ರಶ್ನೆಗೆ ಎಲ್ಲ ಪ್ರೊಸೆಸರ್‌ಗಳಿಗೂ ಸಲ್ಲುವ ಒಂದೇ ಉತ್ತರವಿಲ್ಲ. 2022ರಲ್ಲಿ ಬಂದ ರೈಜೆನ್ 7000 ಸರಣಿಯ ಪ್ರೊಸೆಸರ್‌ಗಳು ಭಾರೀ ಕೆಲಸದ ವೇಳೆ 95 ಡಿಗ್ರಿಯವರೆಗೆ ಏರಿ, ಅಲ್ಲಿಯೇ ನಿಂತು ಕೆಲಸ ಮಾಡುವಂತೆ ರೂಪಿತವಾಗಿವೆ. ಅವುಗಳ ಮಟ್ಟಿಗೆ ಅದು ದೋಷವಲ್ಲ. ಹಿಂದಿನ ಪೀಳಿಗೆಯ ಯಂತ್ರ ಅದೇ 95ನ್ನು ತೋರಿಸಿದರೆ ಹೀಟ್ ಸಿಂಕನ್ನು ಪರೀಕ್ಷಿಸಬೇಕಾದೀತು. ಆದುದರಿಂದ ಮೊದಲು ನೋಡಬೇಕಾದುದು ಓದಿಕೆ ಮತ್ತು ‘ಕ್ರಿಟ್’ ಮಿತಿಯ ನಡುವಿನ ಅಂತರವನ್ನು.

ಅದಕ್ಕಿಂತಲೂ ಗಟ್ಟಿಯಾದ ಸಾಕ್ಷ್ಯವೊಂದು ಇಂಟೆಲ್ ಯಂತ್ರಗಳಲ್ಲಿ ದೊರೆಯುತ್ತದೆ. ‘/ಸಿಸ್/ಡಿವೈಸಸ್/ಸಿಸ್ಟಮ್/ಸಿಪಿಯು/ಸಿಪಿಯು0/ಥರ್ಮಲ್_ಥ್ರಾಟಲ್’ ಕಡತಕೋಶದಲ್ಲಿರುವ ‘ಕೋರ್_ಥ್ರಾಟಲ್_ಕೌಂಟ್’ ಕಡತವು, ಯಂತ್ರ ಆರಂಭವಾದಾಗಿನಿಂದ ಆ ಕೋರ್ ಬಿಸಿಯ ಕಾರಣಕ್ಕೆ ಎಷ್ಟು ಬಾರಿ ಮಿತಿಯನ್ನು ಮುಟ್ಟಿತೆಂದು ಎಣಿಸಿ ಇಟ್ಟಿರುತ್ತದೆ. ಎರಡು ಸೆಕೆಂಡಿಗೊಮ್ಮೆ ನೋಡುವ ಮೇಲ್ವಿಚಾರಕನ ಕಣ್ಣಿಗೆ ಬೀಳದೆ ನಡುವೆ ಬಂದುಹೋದ ಏರಿಕೆಯೂ ಇಲ್ಲಿ ದಾಖಲಾಗುತ್ತದೆ. ಅದು ಸೊನ್ನೆಯಾಗಿಯೇ ಉಳಿದಿದ್ದರೆ ಬಿಸಿಯ ಬಗ್ಗೆ ಚಿಂತಿಸಬೇಕಾದ ಕಾರಣವಿಲ್ಲ. ಯಂತ್ರ ನಿಧಾನವಾಗಿರುವುದಕ್ಕೆ ಬೇರೆ ಕಾರಣವನ್ನು ಹುಡುಕಬೇಕು. ವೇಗ ಇಳಿದಾಗ ಕರ್ನಲ್‌ನ ಸಂದೇಶಗಳಲ್ಲಿಯೂ ಅದರ ಉಲ್ಲೇಖ ಬರುವುದರಿಂದ ‘ಡಿಮೆಸೆಜ್’ ಆದೇಶದಿಂದ ಅದನ್ನು ನೋಡಬಹುದು.

ದೋಷ ಎಲ್ಲಿದೆ ಎಂಬುದನ್ನು ಉಷ್ಣಾಂಶ ಏರುವ ಬಗೆಯಿಂದ ಊಹಿಸಬಹುದು. ‘ಸ್ಟ್ರೆಸ್-ಎನ್‌ಜಿ’ಯಂತಹ ತಂತ್ರಾಂಶದಿಂದ ಎಲ್ಲ ಕೋರ್‌ಗಳಿಗೂ ಹದಿನೈದು ನಿಮಿಷ ಕೆಲಸ ಕೊಟ್ಟು, ಅಂಕಿಗಳನ್ನು ಬರೆದುಕೊಳ್ಳುತ್ತಾ ಹೋಗಬೇಕು. ಸಿಲಿಕಾನ್ ತುಂಡು ಅತಿ ಪುಟ್ಟದಾದುದರಿಂದ ಕೆಲಸ ಬಿದ್ದ ಕೂಡಲೇ ಬಿಸಿಯಾಗುತ್ತದೆ. ಅದರ ಮೇಲಿನ ಲೋಹದ ಹೀಟ್ ಸಿಂಕ್ ಬಿಸಿಯಾಗಲು ಹಲವು ನಿಮಿಷಗಳು ಬೇಕು. ಓದಿಕೆ 40ರಿಂದ ನೇರವಾಗಿ ಮಿತಿಗೆ ಒಂದೆರಡು ಸೆಕೆಂಡುಗಳಲ್ಲಿ ನೆಗೆದರೆ, ಮತ್ತು ಹೀಟ್ ಸಿಂಕ್ ಆಗ ಇನ್ನೂ ತಣ್ಣಗಿದ್ದರೆ, ಶಾಖ ಅದಕ್ಕೆ ದಾಟುತ್ತಿಲ್ಲವೆಂದು ಅರ್ಥ: ಹೀಟ್ ಸಿಂಕ್ ಸಡಿಲವಾಗಿರಬಹುದು ಅಥವಾ ನಡುವಿನ ಥರ್ಮಲ್ ಪೇಸ್ಟ್ ಒಣಗಿರಬಹುದು. ಓದಿಕೆ ಮೊದಲು 65ರಲ್ಲಿ ನಿಂತು ಆಮೇಲೆ ಹತ್ತು ನಿಮಿಷಗಳಲ್ಲಿ ಮೆಲ್ಲಮೆಲ್ಲನೆ 90ಕ್ಕೆ ಏರಿದರೆ, ಶಾಖ ಹೀಟ್ ಸಿಂಕ್‌ವರೆಗೆ ಬಂದಿದೆ, ಅಲ್ಲಿಂದ ಗಾಳಿಗೆ ಹೋಗುತ್ತಿಲ್ಲ. ಆಗ ನೋಡಬೇಕಾದುದು ರೆಕ್ಕೆಗಳ ನಡುವೆ ಕಟ್ಟಿಕೊಂಡ ದೂಳು, ನಿಂತ ಫ್ಯಾನ್, ಗೋಡೆಗೆ ಒತ್ತಿಕೊಂಡಿರುವ ಕ್ಯಾಬಿನೆಟ್ ಇವುಗಳನ್ನು. ಅತ್ಯಂತ ಶಕ್ತಿಶಾಲಿ ಪ್ರೊಸೆಸರ್‌ಗಳು ಒಳ್ಳೆಯ ಹೀಟ್ ಸಿಂಕ್ ಇದ್ದರೂ ಒಮ್ಮೆಲೇ ಮೇಲಕ್ಕೆ ನೆಗೆಯುವುದುಂಟು. ಅಲ್ಲಿ ಈ ಲಕ್ಷಣವೊಂದನ್ನೇ ನೆಚ್ಚಬಾರದು.

ಕೋಣೆಯ ಉಷ್ಣಾಂಶವನ್ನು ಬರೆದುಕೊಳ್ಳದೆ ಮಾಡಿದ ಹೋಲಿಕೆಗೆ ಬೆಲೆಯಿಲ್ಲ. ಗಾಳಿಯಿಂದ ತಂಪಾಗುವ ಯಾವ ಹೀಟ್ ಸಿಂಕೂ ಸುತ್ತಲ ಗಾಳಿಗಿಂತ ತಣ್ಣಗಾಗದು. ಒಂದೇ ಕೆಲಸ, ಒಂದೇ ಫ್ಯಾನ್ ವೇಗವಿದ್ದಾಗ ಪ್ರೊಸೆಸರ್ ಮತ್ತು ಕೋಣೆಯ ನಡುವಿನ ಅಂತರ ಹೆಚ್ಚುಕಡಿಮೆ ಸ್ಥಿರವಾಗಿರುತ್ತದೆ. 25 ಡಿಗ್ರಿಯ ಕೋಣೆಯಲ್ಲಿ 65 ತೋರಿಸುವ ಯಂತ್ರ 40 ಡಿಗ್ರಿಯ ಕೋಣೆಯಲ್ಲಿ 80ರ ಆಸುಪಾಸಿಗೆ ಏರುವುದು ಸಹಜ. ಬೇಸಿಗೆಯಲ್ಲಿ ಹೊರಗಿನ ಉಷ್ಣಾಂಶ 40 ದಾಟುವ ಕಲಬುರಗಿ, ರಾಯಚೂರುಗಳಲ್ಲಿ ಮೇ ತಿಂಗಳ ಓದಿಕೆಯನ್ನು ಡಿಸೆಂಬರ್ ತಿಂಗಳದಕ್ಕೆ ಹೋಲಿಸಿ ಯಂತ್ರ ಹದಗೆಟ್ಟಿತೆನ್ನಲಾಗದು. ದೂಳು ತೆಗೆದ ಮೇಲೆ ಎಷ್ಟು ಸುಧಾರಿಸಿತೆಂದು ನೋಡುವವರು ಹಿಂದಿನ ಮತ್ತು ಈಗಿನ ಓದಿಕೆಗಳೆರಡರಿಂದಲೂ ಅಂದಂದಿನ ಕೋಣೆಯ ಉಷ್ಣಾಂಶವನ್ನು ಕಳೆದು ಹೋಲಿಸಬೇಕು.

ವರ್ಚುವಲ್ ಯಂತ್ರದೊಳಗೆ ಸಾಮಾನ್ಯವಾಗಿ ಪ್ರೊಸೆಸರ್‌ನ ಉಷ್ಣಾಂಶ ಕಾಣುವುದಿಲ್ಲ. ಅಲ್ಲಿ ‘ಸೆನ್ಸರ್ಸ್’ ಆದೇಶ ಏನನ್ನೂ ತೋರಿಸದಿದ್ದರೆ ಅದು ಅನುಸ್ಥಾಪನೆಯ ದೋಷವಲ್ಲ. ಓದಿಕೆಯನ್ನು ಆತಿಥೇಯ ಯಂತ್ರದಲ್ಲಿಯೇ ಪಡೆಯಬೇಕು.

ಬಿಎಸ್‌ಡಿ ವ್ಯವಸ್ಥೆಗಳು

ಫ್ರೀಬಿಎಸ್‌ಡಿಯಲ್ಲಿ ಇಂಟೆಲ್ ಪ್ರೊಸೆಸರ್‌ಗಳಿಗೆ ‘ಕೋರ್‌ಟೆಂಪ್’, ಎಎಂಡಿ ಪ್ರೊಸೆಸರ್‌ಗಳಿಗೆ ‘ಎಎಂಡಿಟೆಂಪ್’ ಮಾಡ್ಯೂಲುಗಳನ್ನು ‘ಕೆಎಲ್‌ಡಿಲೋಡ್’ ಆದೇಶದಿಂದ ಸೇರಿಸಬೇಕು. ಆನಂತರ ‘ಸಿಸ್‌ಸಿಟಿಎಲ್’ ಆದೇಶಕ್ಕೆ ‘ಡೆವ್.ಸಿಪಿಯು.0.ಟೆಂಪರೇಚರ್’ ಎಂಬ ಹೆಸರನ್ನು ಕೊಟ್ಟರೆ ಮೊದಲ ಕೋರ್‌ನ ಉಷ್ಣಾಂಶ ದೊರೆಯುತ್ತದೆ. ಓಪನ್‌ಬಿಎಸ್‌ಡಿಯಲ್ಲಿ ಸಂವೇದಕಗಳು ಮೊದಲಿನಿಂದಲೇ ಸಿದ್ಧವಾಗಿದ್ದು, ‘ಸಿಸ್‌ಸಿಟಿಎಲ್ ಎಚ್‌ಡಬ್ಲ್ಯು.ಸೆನ್ಸರ್ಸ್’ ಎಂದರೆ ಸಾಕು. ಮಿತಿ ದಾಟಿದಾಗ ಎಚ್ಚರಿಸಲು ‘ಸೆನ್ಸರ್ಸ್‌ಡಿ’ ಎಂಬ ಹಿನ್ನೆಲೆ ಸೇವೆಯೂ ಇದೆ. ಈ ಚೌಕಟ್ಟನ್ನು ಫ್ರೀಬಿಎಸ್‌ಡಿಗೆ ತರುವ ಕೆಲಸ 2007ರ ಗೂಗಲ್ ಸಮ್ಮರ್ ಆಫ್ ಕೋಡ್‌ನಲ್ಲಿ ನಡೆದು, ಸಂಕೇತವು ಮುಖ್ಯ ಶಾಖೆಗೆ ಸೇರಿಯೂ ಸೇರಿತು. ಆದರೆ ವಿನ್ಯಾಸದ ಬಗ್ಗೆ ಆಕ್ಷೇಪಗಳು ಬಂದುದರಿಂದ ಅದನ್ನು ಬೇಗನೆ ಹಿಂತೆಗೆಯಲಾಯಿತು. ನೆಟ್‌ಬಿಎಸ್‌ಡಿಯಲ್ಲಿ ಇದೇ ಕೆಲಸಕ್ಕೆ ‘ಎನ್ವ್‌ಸ್ಟಾಟ್’ ಆದೇಶವಿದೆ.